ರಸೂಲ್ ಸಾಬರ ಅಚ್ಚುಕಟ್ಟಾದ ಸಹಿ

ಕೋವಿಡ್ ತಣ್ಣಗಾದ ಮರುವರ್ಷ ನಾನು ಚಿತ್ರದುರ್ಗದ ಬ್ಯಾಂಕ್ ಶಾಖೆಯೊಂದರಲ್ಲಿ ಪಾಸಿಂಗ್ ಆಫೀಸರ್ ಆಗಿದ್ದೆ. ನಮ್ಮ ಗ್ರಾಹಕರು ಕೊಟ್ಟ ಚೆಕ್ಕನ್ನು ಯಾರಾದರೂ ಬೇರೆ ಬ್ಯಾಂಕಿಗೆ ಹಾಕಿದರೆ ಅದರ ಚಿತ್ರ ನನ್ನ ಕಂಪ್ಯೂಟರಿಗೆ ಬರುತ್ತಿತ್ತು. ಅದರ ಸಹಿಯನ್ನು ಖಾತೆ ತೆರೆದಾಗ ಕೊಟ್ಟ ಮಾದರಿ ಸಹಿಯ ಜೊತೆ ಹೋಲಿಸಿ ಅಂದೇ ಪಾಸ್ ಮಾಡಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಕೂತು ಕೂತು ಬೆನ್ನು ಹಿಡಿದುಕೊಳ್ಳುವ ಕೆಲಸ, ಗೊಣಗಿಕೊಂಡೇ ಮಾಡುತ್ತಿದ್ದೆ.

ಗ್ರಾಹಕರಲ್ಲಿ ನನಗೆ ಅಚ್ಚುಮೆಚ್ಚು ವಾಚ್ ರಿಪೇರಿಯ ರಸೂಲ್ ಸಾಬರು. ನಲವತ್ತು ವರ್ಷ ಊರಿನ ವಾಚುಗಳನ್ನು ಬಿಚ್ಚಿ ಜೋಡಿಸಿದ ಕೈ ನಡುಗತೊಡಗಿ, ಅಂಗಡಿ ಮುಚ್ಚಿದ್ದರು. ಒಂದು ಸಹಿಯಂತೆ ಇನ್ನೊಂದು ಬರುತ್ತಿರಲಿಲ್ಲ. ಹಾಗಾಗಿ ಚೆಕ್ ಬರೆಯುವುದಿದ್ದರೆ ನನ್ನೆದುರಿಗೇ ಬಂದು ಕೂರುತ್ತಿದ್ದರು. "ಹೊಸ ಮಾದರಿ ಸಹಿ ಕೊಟ್‌ಬಿಡ್ರಿ ಸಾಬ್ರೇ" ಎಂದರೆ, "ಹಳೇದು ಚಂದಾಗೈತೆ, ಇರ್ಲಿ ಬಿಡಮ್ಮ" ಎಂದು ನಗುತ್ತಿದ್ದರು. ಪ್ರೀತಿಗೆ ಸೋತು ನಾನೂ ಸುಮ್ಮನಾದೆ. ತಪ್ಪು ನನ್ನದೇ.

ಒಂದು ಮಧ್ಯಾಹ್ನ ಅವರ ಖಾತೆಯ ಮೇಲೆ ಒಂದು ಲಕ್ಷ ಎಂಬತ್ತು ಸಾವಿರದ ಚೆಕ್ ಬಂತು. ಮುಂದಿನ ವಾರ ದಾವಣಗೆರೆಯಲ್ಲಿ ಅವರ ಹೆಂಡತಿ ಮುಮ್ತಾಜ್ ಬೀಯವರ ಮಂಡಿ ಆಪರೇಷನ್ ಇತ್ತು, ಖಾತೆಯಲ್ಲಿದ್ದುದು ಅದಕ್ಕೆಂದು ಎತ್ತಿಟ್ಟ ಹಣ. ಸಹಿ ನೋಡಿದರೆ ಮಾದರಿಯ ಪಡಿಯಚ್ಚು.

"ತಾಳೆ ಆಗ್ತೈತಲ್ರೀ, ಪಾಸ್ ಮಾಡ್ರಿ," ಎಂದರು ಮ್ಯಾನೇಜರ್.

"ತಾಳೆ ಆಗಿರೋದೇ ತಪ್ಪು ಸಾರ್. ಸಾಬ್ರಿಗೆ ಈಗ ಇಷ್ಟು ಚಂದ ಬರಲ್ಲ," ಎಂದು ಸಾಬರಿಗೆ ಫೋನ್ ಮಾಡಿದೆ.

"ಯಾವ ಚೆಕ್ಕಮ್ಮಾ? ಹಳೇ ಬುಕ್ ಮುಗ್ದೈತೆ, ಹೊಸ ಬುಕ್ಕು ನನ್ ಕೈಗೇ ಬಂದಿಲ್ಲ!"

ಚೆಕ್ ವಾಪಸ್ ಕಳಿಸಿದೆ. ಸದ್ಯ, ಹಣ ಉಳಿಯಿತು. ಆಮೇಲೆ ತಿಳಿದದ್ದಿಷ್ಟು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ತಮ್ಮ ಅಂಚೆಯನ್ನು ಓಣಿ ತುದಿಯ ಅಂಗಡಿಗೆ ಕೊಡಿ ಎಂದು ಸಾಬರೇ ಅಂಚೆಯವನಿಗೆ ಹೇಳಿಟ್ಟಿದ್ದರು. ಅಲ್ಲಿ ಕಟ್ಟೆಯ ಮೇಲಿದ್ದ ಚೆಕ್‌ಬುಕ್ಕಿನ ಲಕೋಟೆಯನ್ನು ಒಬ್ಬ ಎತ್ತಿಕೊಂಡು ಹೋಗಿದ್ದ. ಸಹಿ ಅವನಿಗೆ ಸಿಕ್ಕಿದ್ದು ಹಳೆಯ ಗ್ಯಾರಂಟಿ ಚೀಟಿಯಲ್ಲಿ. ರಿಪೇರಿಯಾದ ಪ್ರತಿ ವಾಚಿಗೂ ಸಾಬರು ಚೀಟಿ ಬರೆದು, ಬ್ಯಾಂಕಿನ ಸಹಿಯನ್ನೇ ಠೀವಿಯಿಂದ ಹಾಕಿಕೊಡುತ್ತಿದ್ದರಂತೆ. ಅರ್ಧ ದುರ್ಗದ ಬೀರುಗಳಲ್ಲಿ ಆ ಸಹಿ ಇದ್ದೀತು!

ಮಾರನೇ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ಚೆನ್ನಾಗಿ ಗದರಿದೆ. "ಚೆಕ್‌ಬುಕ್ ಬರಾದು ತಡ ಆದ್ರೆ ನಮ್ಮನ್ನ ಕೇಳ್ರಿ. ಕೈಗೆ ಬಂದ ಕೂಡ್ಲೇ ಹಾಳೆ ಎಣಿಸ್ಕಳ್ರಿ. ಬ್ಯಾಂಕಿನ ಸಹೀನ ಕಂಡಕಂಡಲ್ಲಿ ಹಾಕ್ಬೇಡ್ರಿ." ಅವರಿಗೆ ಹೇಳಿದ್ದು ಇಷ್ಟು. ನಾನು ಕಲಿತದ್ದು ಬೇರೆ: ಸಹಿಯ ಜೊತೆಗೆ ಸಹಿ ಹಾಕುವವರನ್ನೂ ಬಲ್ಲವರಾಗಿರಬೇಕು. ಅದನ್ನು ಕಂಪ್ಯೂಟರ್ ಕಲಿಸಲಿಲ್ಲ, ಸಾಬರು ಎದುರು ಕೂತ ಆ ಹೊತ್ತುಗಳು ಕಲಿಸಿದವು.

ಹೊಸ ಮಾದರಿ ಸಹಿಯ ಫಾರಂ ಮುಂದಿಟ್ಟೆ. ಸಾಬರು ಉಸಿರು ಬಿಗಿಹಿಡಿದು ಸಹಿ ಹಾಕಿ, ಅದನ್ನೇ ನೋಡಿ ಮುಖ ಸಣ್ಣಗೆ ಮಾಡಿಕೊಂಡರು. "ಥೂ, ಕೋಳಿ ಕೆದರಿದಂಗೈತೆ."

ಮುಮ್ತಾಜ್ ಬೀ ಗಂಡನ ನಡುಗುವ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸುಮ್ನಿರ್ರಿ. ನನ್ ಕಾಲು ಉಳಿಸಿದ್ದು ಈ ನಡುಕಾನೇ."