ಇಂದ್ರಾಣಿಯ ಲ್ಯಾಪ್‌ಟಾಪಿನ ಎರಡು ಕಾರ್ಡು

ಇಂದ್ರಾಣಿಯನ್ನು ನಾನು ಮೊದಲು ನೋಡಿದ್ದು ಚಿಕ್ಕಲಸಂದ್ರದ ನಮ್ಮ ಬುದ್ಧವಿಹಾರದಲ್ಲಿ, ಒಂದು ಭಾನುವಾರ. ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಇಡೀ ಗೋಡೆಗಲ್ಲ, ನಡುವೆ ಒಂದು ಬಾಗಿಲಿನಷ್ಟು ಜಾಗಕ್ಕೆ ಮಾತ್ರ. ಇದೇನಮ್ಮ ಹೀಗೆ ಎಂದು ಕೇಳಿದೆ.

"ಇಲ್ಲಿ ಅ ಆ ಇ ಈ ಬರುತ್ತೆ ಅಮ್ಮ. ನೀವೂ ಬಂದು ಕೂತ್ಕೊಳ್ಳಿ."

"ನನಗ್ಯಾಕಮ್ಮ ಈ ವಯಸ್ಸಲ್ಲಿ?"

"ಈ ಬಸ್ಸು ಎಲ್ಲಿಗ್ ಹೋಗುತ್ತೆ, ಆ ಬಸ್ಸು ಎಲ್ಲಿಗ್ ಹೋಗುತ್ತೆ ಅಂತ ಸ್ಟಾಪಲ್ಲಿ ಎಲ್ಲರ ತಲೆ ತಿಂತೀರಲ್ಲ, ಅದಕ್ಕೆ!"

ನಿಜವೇ. ಯಜಮಾನರು ಇದ್ದಾಗ ಬೋರ್ಡು ಅವರೇ ಓದುತ್ತಿದ್ದರು. ನಾನು ಕೂತೆ.

ಅವಳಿಗೆ ಐವತ್ತು ದಾಟಿತ್ತು. ಬನಶಂಕರಿಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸ. ಅಂಗಡಿಯವರು ಬೇಡವೆಂದು ಬಿಟ್ಟ ಲ್ಯಾಪ್‌ಟಾಪನ್ನೂ ಒಂದು ಹಳೆಯ ಪ್ರೊಜೆಕ್ಟರನ್ನೂ ಚೀಲದಲ್ಲಿ ಹೊತ್ತು ತರುತ್ತಿದ್ದಳು. ಎರಡನ್ನೂ ವೈರಿನಿಂದ ಜೋಡಿಸಿದರೆ ಗೋಡೆಯ ಮೇಲೆ ಅಂಗೈ ಅಗಲದ ಅಕ್ಷರ ಬೀಳುತ್ತಿತ್ತು. ಪುಸ್ತಕದ ಅಕ್ಷರ ನಮ್ಮ ಕಣ್ಣಿಗೆ ಇರುವೆಯ ಸಾಲು. ಗೋಡೆಯದು ಕಾಣುತ್ತಿತ್ತು. ನಾನು ಕಲಿತ ಅಷ್ಟಿಷ್ಟೂ ಆ ಗೋಡೆಯಿಂದಲೇ.

ಈ ವರ್ಷ ಲ್ಯಾಪ್‌ಟಾಪ್ ಮೊಂಡು ಹಿಡಿಯಿತು. ಅದು ತೆರೆದುಕೊಳ್ಳುವಷ್ಟರಲ್ಲಿ ಹೆಂಗಸರು ಅನ್ನಕ್ಕಿಡಬೇಕು ಎಂದು ಎದ್ದು ಹೋಗುತ್ತಿದ್ದರು. ಹೊಸದು ಕೊಳ್ಳುವ ಮಾತೇ ಇಲ್ಲ. ಇದು ಸರಿಹೋಗದಿದ್ದರೆ ಪಾಠ ನಿಂತಂತೆಯೇ. ರಿಪೇರಿ ಅಂಗಡಿಯ ಪ್ರಮೋದ್ ಒಂದು ದಾರಿ ಹೇಳಿದ. ಲ್ಯಾಪ್‌ಟಾಪನ್ನು ಒಳಗಿನಿಂದ ನಡೆಸುವ ಹಳೆಯ ವಿಂಡೋಸ್ ತೆಗೆದು ಅದರ ಜಾಗಕ್ಕೆ ಲಿನಕ್ಸ್ ಹಾಕುವುದು. ಅದು ಹಗುರವಂತೆ. ಆದರೆ ಚಿತ್ರ ತೋರಿಸುವ ಗ್ರಾಫಿಕ್ಸ್ ಕಾರ್ಡು ಯಾವುದೆಂದು ಮೊದಲು ನೋಡಬೇಕು. ಅದು ಲಿನಕ್ಸಿಗೆ ಒಗ್ಗದಿದ್ದರೆ ಪರದೆ ಕಪ್ಪಾಗಿಬಿಡುತ್ತದಂತೆ.

ಕಾರ್ಡಿನ ಹೆಸರು ಲ್ಯಾಪ್‌ಟಾಪಿಗೆ ಅಂಟಿಸಿದ್ದ ಚೀಟಿಯಲ್ಲಿತ್ತು. ಈಗ ಚೀಟಿಯೇ ಇರಲಿಲ್ಲ. ಬುದ್ಧ ಪೂರ್ಣಿಮೆಗೆ ವಿಹಾರ ತೊಳೆದಾಗ ನಮ್ಮ ಜೊತೆ ಪಾಠಕ್ಕೆ ಕೂರುವ ನಾರಾಯಣಮ್ಮ, ಹೊಸ ಸ್ಟೀಲ್ ಪಾತ್ರೆಯ ಚೀಟಿ ತೆಗೆಯುವ ಹಾಗೆ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ತೆಗೆದಿದ್ದರು.

"ಗಲೀಜಾಗಿತ್ತು ಕಣಮ್ಮ, ಫಳಫಳ ಮಾಡ್ದೆ," ಎಂದರು ನಾರಾಯಣಮ್ಮ.

"ಅದರ ಹೆಸರೇ ಉಜ್ಜಿಬಿಟ್ರಲ್ಲ! ನನಗೂ ಒಂಚೂರು ಎಣ್ಣೆ ಹಚ್ಚಿ, ನಾನೂ ಫಳಫಳ ಆಗ್ತೀನಿ," ಎಂದಳು ಇಂದ್ರಾಣಿ.

ಆಮೇಲೆ ಲ್ಯಾಪ್‌ಟಾಪಿನೊಳಗೇ ಹುಡುಕಿದಳು. ಅಲ್ಲಿ ಎರಡು ಹೆಸರು ಸಿಕ್ಕವು. ಒಂದು ಕಾರ್ಡು ಲ್ಯಾಪ್‌ಟಾಪಿನ ಸ್ವಂತ ಪರದೆಗೆ, ಇನ್ನೊಂದು ಗೋಡೆಗೆ ಚಿತ್ರ ಕಳಿಸುವುದಕ್ಕೆ ಇರಬೇಕು ಎಂದಳು. ಒಂದೇ ಪೆಟ್ಟಿಗೆಗೆ ಎರಡು ಯಾಕೆ ಎಂದು ಕೇಳಿದೆ.

"ನನಗೂ ಅದೇ ತಿಳೀತಿಲ್ಲ ಅಮ್ಮ."

ಮೊಬೈಲಿನಲ್ಲಿ ನೋಡಿದಳು. ಗೋಡೆಗೆ ಚಿತ್ರ ಕಳಿಸುವ ಕಾರ್ಡು ಲಿನಕ್ಸಿನಲ್ಲಿ ನಡೆಯುತ್ತದೆ ಎಂದು ಒಬ್ಬರು ಬರೆದಿದ್ದರು, ನಡೆಯುವುದಿಲ್ಲ ಎಂದು ಇನ್ನೊಬ್ಬರು. ಮೂರನೆಯವರು ನಮ್ಮದೂ ಕಪ್ಪಾಗಿದೆ, ಏನು ಮಾಡುವುದು ಎಂದು ಕೇಳಿದ್ದರು. ಅವರಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ಪ್ರಮೋದ್ ಕೊಟ್ಟ ಪೆನ್‌ಡ್ರೈವ್ ತಂದಳು. ಅದರೊಳಗೆ ಲಿನಕ್ಸ್ ಇತ್ತು. ಲ್ಯಾಪ್‌ಟಾಪಿಗೆ ಹಾಕದೆಯೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದಂತೆ. ಇದು ನನ್ನ ತಲೆಗೆ ಹತ್ತಲಿಲ್ಲ.

"ಮನೆ ಒಳಕ್ಕೆ ಬರದೆ ಜಗಲೀಲೇ ಕೂತು ಹೋಗೋ ಹಾಗಾ?"

"ಹ್ಞೂಂ ಅಮ್ಮ, ಜಗಲೀಲಿ ಕೂರಿಸಿ ಗುಣ ನೋಡೋದು."

ಲ್ಯಾಪ್‌ಟಾಪಿನ ಪರದೆಯಲ್ಲಿ ಚಿತ್ರ ಬೇಗನೆ ಬಂತು. ಹೆಂಗಸರು ಚಪ್ಪಾಳೆ ಹೊಡೆದರು. ಗೋಡೆ ಮಾತ್ರ ಕತ್ತಲೆ. ಇಂದ್ರಾಣಿ ವೈರು ಕಿತ್ತು ಚುಚ್ಚಿದಳು, ಊದಿದಳು, ಮತ್ತೆ ಚುಚ್ಚಿದಳು. ಒಂದು ಕಾರ್ಡು ಒಪ್ಪಿತ್ತು, ಇನ್ನೊಂದು ಒಪ್ಪಿರಲಿಲ್ಲ. ನಮಗೆ ಬೇಕಾದದ್ದು ಒಪ್ಪದೇ ಇದ್ದದ್ದು.

ಪ್ರಮೋದ್‌ಗೆ ಫೋನ್ ಮಾಡಿದಳು. ಆಫ್ ಮಾಡಿ ಆನ್ ಮಾಡಿ, ಮೊದಲು ಬರುವ ಸಾಲುಗಳಲ್ಲಿ ಸೇಫ್ ಗ್ರಾಫಿಕ್ಸ್ ಎಂಬುದನ್ನು ಒತ್ತಿ ಎಂದ. ಒತ್ತಿದಳು. ಗೋಡೆಯ ಮೇಲೆ ಬೆಳಕು ಬಂತು, ಅಕ್ಷರವೂ ಬಂತು. ಆದರೆ ಅಕ್ಷರಗಳು ಅಡ್ಡಕ್ಕೆ ಹಿಗ್ಗಿದ್ದವು, ಅಂಚು ಗರಗಸದ ಹಲ್ಲಿನ ಹಾಗೆ. ಒಂದು ಅಕ್ಷರದ ಹೊಟ್ಟೆಯೊಳಗೆ ಗೆರೆ ಇತ್ತೋ ಇಲ್ಲವೋ ಕಾಣಲಿಲ್ಲ. ಅದು ಪ ಇರಬಹುದು, ಷ ಇರಬಹುದು. ಇದೇ ಅದರ ಕೈಲಾಗುವುದು, ಇದಕ್ಕಿಂತ ಚೆನ್ನಾಗಿ ತೋರಿಸಲಾರದು ಎಂದ ಪ್ರಮೋದ್.

ಹಳೆಯ ವಿಂಡೋಸಿನಲ್ಲಿ ಅಕ್ಷರ ಚೆಂದ, ಆದರೆ ಅದು ಬರುವಷ್ಟರಲ್ಲಿ ಓದುವವರಿಲ್ಲ. ಹೊಸದರಲ್ಲಿ ಎಲ್ಲರೂ ಕೂತಿದ್ದಾರೆ, ಅಕ್ಷರ ಹೀಗೆ. ಲಿನಕ್ಸ್ ಒಳಗೆ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ, ಮತ್ತೆ ತರಲು ಅವಳ ಹತ್ತಿರ ಏನೂ ಇರಲಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಕಣ್ಣು ಮಂದ ನನ್ನದೇ. ಇಂದ್ರಾಣಿ ಬೆರಳನ್ನು ಕೀಲಿಯ ಮೇಲೆ ಇಟ್ಟುಕೊಂಡೇ ನನ್ನ ಕಡೆ ತಿರುಗಿದಳು.

"ಸಪ್ಪಲಮ್ಮೋರೆ, ನನ್ನ ಮುಖ ನೋಡ್ಬೇಡಿ, ಗೋಡೆ ನೋಡಿ. ನನಗೆ ಬೇಜಾರಾಗುತ್ತೆ ಅಂತ ಸುಳ್ಳೂ ಹೇಳ್ಬೇಡಿ. ಇದನ್ನ ಓದಕ್ಕಾಗುತ್ತಾ ನಿಮಗೆ? ಹಾಕ್ಲಾ, ಬೇಡ್ವಾ?"