ಬಂಗಾರಪೇಟೆಯ ಸೀಬೆಹಣ್ಣಿನಮ್ಮ

ಅರವತ್ತರ ದಶಕದಲ್ಲಿ ನಾನು ಸರ್ಕಾರಿ ಸಾಕ್ಷ್ಯಚಿತ್ರಗಳಿಗೆ ಕ್ಯಾಮೆರಾ ಹಿಡಿಯುತ್ತಿದ್ದೆ. ಒಮ್ಮೆ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಜನ ಸಹಜವಾಗಿ ಓಡಾಡುವುದನ್ನು ಚಿತ್ರಿಸಬೇಕಿತ್ತು. ಚಿನ್ನದ ಗಣಿಯ ಕಡೆಯಿಂದ ಬಂದ ಮಾರಿಕುಪ್ಪಂ ರೈಲಿನಿಂದ ಇಳಿದವರೆಲ್ಲ ಸಹಜವಾಗಿ ನಿಂತು ಕ್ಯಾಮೆರಾ ನೋಡಿದರು.

ಸೀಬೆಹಣ್ಣು ಮಾರುವ ಹೆಂಗಸೊಬ್ಬಳು ಹತ್ತಿರ ಬಂದಳು. "ಇದನ್ನ ಬೊಂಬಾಯ್ನಾಗೂ ತೋರಿಸ್ತಾರಾ, ಸಾಮಿ?"

"ತೋರಿಸ್ತಾರಮ್ಮ, ಎಲ್ಲ ಊರಿನ ಟಾಕೀಸಲ್ಲೂ, ಸಿನಿಮಾಕ್ಕೆ ಮುಂಚೆ."

ಗಣಿ ಕೆಲಸ ಒಲ್ಲೆನೆಂದು ಅವಳ ಮಗ ಬೊಂಬಾಯಿಗೆ ಓಡಿಹೋಗಿ ಎರಡು ವರ್ಷವಾಗಿತ್ತಂತೆ. ಕಾಗದವಿಲ್ಲ. ಅವಳು ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು, ಕ್ಯಾಮೆರಾ ನೋಡುತ್ತ ಮಗನನ್ನು ಬೈಯತೊಡಗಿದಳು. ಕನ್ನಡ ಸಾಲದೆ ತೆಲುಗು, ತೆಲುಗೂ ಸಾಲದೆ ತಮಿಳು. ಕೊನೆಗೆ, "ಗಣಿಗೆ ಓಗ್ಬೇಡ ಕಣ್ಲಾ, ಸುಮ್ಕೆ ಮನೆಗೆ ಬಾ," ಎಂದು ಕಣ್ಣೊರೆಸಿಕೊಂಡಳು.

ನಡುವೆ ನಿಲ್ಲಿಸಲು ನನಗೆ ಮನಸ್ಸು ಬಂದಿರಲಿಲ್ಲ. ಆಮೇಲೆ ಹೇಳಿದೆ: "ಅಮ್ಮ, ಇದರಲ್ಲಿ ನಿಮ್ಮ ಮಾತು ಕೇಳಿಸೋಲ್ಲ, ಚಿತ್ರ ಮಾತ್ರ."

"ಕೇಳ್ಸದಿದ್ರೆ ಬುಡಪ್ಪ. ನನ್ ಬಾಯಿ ಆಡೋದು ನೋಡುದ್ರೆ ಸಾಕು, ಅವನಿಗೆ ಗೊತ್ತಾಯ್ತದೆ."

ಚಿತ್ರ ತೆರೆಗೆ ಬಂದಾಗ ಅವಳನ್ನು ಕತ್ತರಿಸಿರಲಿಲ್ಲ. ಅವಳು ಬೈಯುತ್ತಿರುವಾಗಲೇ ನಿರೂಪಕರ ಗಂಭೀರ ದನಿ ಹೇಳಿತು: "ನಿಲ್ದಾಣದ ಸೌಕರ್ಯಗಳನ್ನು ಪ್ರಯಾಣಿಕರು ಮನಸಾರೆ ಹೊಗಳುತ್ತಾರೆ."

ಮಗ ನೋಡಿದ್ದರೆ, ಅವನೊಬ್ಬನಾದರೂ ಅದನ್ನು ನಂಬಿರಲಾರ.