ಸೂರಿನ ನೆರಳು ಬಿದ್ದ ಮೂಲೆ

ತಂಡ ಕಟ್ಟಿದವರುಂಟು, ಕ್ರೀಡಾಂಗಣ ಕಟ್ಟಿಸಿದವರೂ ಉಂಟು. ಎರಡರ ಭಾರವನ್ನೂ ಇಪ್ಪತ್ತೆರಡು ವರ್ಷ ಒಂದೇ ಹೆಗಲಿನ ಮೇಲೆ ಹೊತ್ತವರು ವೃತ್ತಿಪರ ಫುಟ್‌ಬಾಲಿನಲ್ಲಿ ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ತಂಡದ ಅಧ್ಯಕ್ಷರು, ನಾವೆಲ್ಲ ‘ಯಜಮಾನರು’ ಎಂದೇ ಕರೆಯುವ ಹಿರಿಯರು, ಅಂಥವರಲ್ಲೊಬ್ಬರು.

ಅವರು ಬಂದಾಗ ನಮಗಿದ್ದದ್ದು ಹಲಗೆ ಬೆಂಚುಗಳ ಮೈದಾನ, ಇಡೀ ತಂಡಕ್ಕೆ ಎರಡು ನಲ್ಲಿಗಳ ಸ್ನಾನದ ಮನೆ. ಸೋತ ದಿನ ಆಟಗಾರರ ಕೋಣೆಗೆ ಬಂದು, ಯಾರನ್ನೂ ಏನೂ ಕೇಳದೆ, ನೆಲದ ಮೇಲಿನ ಒದ್ದೆ ಬಟ್ಟೆಗಳನ್ನು ಆರಿಸಿ ಬುಟ್ಟಿಗೆ ಹಾಕಿ ಹೋಗುತ್ತಿದ್ದರು. ಹೊಸ ಕ್ರೀಡಾಂಗಣ ಏಳುವಾಗ, ಕಂಬ ಅಡ್ಡ ಬರುವ ಕುರ್ಚಿ ಒಂದೂ ಇರಬಾರದೆಂದು ಸಾಲುಸಾಲಿನಲ್ಲೂ ತಾವೇ ಕೂತು ನೋಡಿದರು. ಮಳೆ ಬಿಸಿಲು ಯಾರಿಗೂ ತಾಗದಂತೆ ಸುತ್ತ ಸೂರು ಹಾಕಿಸಿದರು. ಬಿಸಿಲು ಹುಲ್ಲಿಗೂ ತಾಗಲಿಲ್ಲ.

ದಕ್ಷಿಣದ ಗೋಲಿನ ಪಕ್ಕದ ಮೂಲೆ ದಿನವಿಡೀ ನೆರಳಲ್ಲೇ ಉಳಿಯಿತು. ಹಾಸಿದ ಹುಲ್ಲು ಅಲ್ಲಿ ಬೇರು ಬಿಟ್ಟಿಲ್ಲ, ಉದ್ಘಾಟನೆಯ ಪಂದ್ಯ ಎರಡು ವಾರ ಮುಂದೆ ಹೋಗಲಿ ಎಂದು ಮೈದಾನ ನೋಡಿಕೊಳ್ಳುತ್ತಿದ್ದ ಹಿರಿಯರು, ನಮ್ಮ ಬಾಯಲ್ಲಿ ಹುಲ್ಲಜ್ಜ, ಆಟಗಾರರೆಲ್ಲರ ಎದುರಿಗೇ ಕೇಳಿಕೊಂಡರು.

“ಕತ್ತಲಲ್ಲಿ ಬೆಳೆಯೋಕೆ ಇದೇನು ಅಣಬೆಯಾ ಯಜಮಾನ್ರೇ?”

“ಟಿಕೆಟ್ಟೆಲ್ಲ ಹೋಗಿದೆ ಅಜ್ಜ. ಒಂದು ಆಟ ತಡ್ಕೊಳ್ಳತ್ತೆ ಬಿಡಿ.”

ತಡೆಯಲಿಲ್ಲ. ನಾನು ಆಗ ತಂಡದ ಎಡಬದಿಯ ಆಟಗಾರ. ದ್ವಿತೀಯಾರ್ಧದಲ್ಲಿ ಚೆಂಡಿಗಾಗಿ ಆ ಮೂಲೆಯಲ್ಲಿ ತಿರುಗಿದಾಗ ಹುಲ್ಲು ಚಾಪೆಯ ಹಾಗೆ ಸುರುಳಿಯಾಗಿ ಎದ್ದಿತು. ನನ್ನ ಮಂಡಿ ಮತ್ತೆ ಆಟಕ್ಕೆ ಬರಲಿಲ್ಲ. ಆಗ ನನಗೆ ಇಪ್ಪತ್ತಮೂರು.

ಆಸ್ಪತ್ರೆಗೆ ಯಜಮಾನರು ದಿನಾ ಬಂದರು. ಬಂದು ಸುಮ್ಮನೆ ಕೂರುತ್ತಿದ್ದರು. ಒಂದು ದಿನ ಕಾಲೇಜಿನ ಅರ್ಜಿ ತಂದಿಟ್ಟು, “ರಜೆ ಕಾಲಿಗೆ, ತಲೆಗಲ್ಲ” ಎಂದರು. ಪರೀಕ್ಷೆಗಳಿಗೆ, ಊರುಗೋಲಿನ ನನ್ನನ್ನು ತಾವೇ ಕಾರಿನಲ್ಲಿ ಕರೆದೊಯ್ದರು. ಅಮ್ಮ ಮಾತ್ರ ಕರಗಲಿಲ್ಲ. “ಒಳ್ಳೆಯವರೇ ಇರಬಹುದು ಕಣೋ. ನಿನ್ನ ಕಾಲು ಒಳ್ಳೇದಾಗಲಿಲ್ಲವಲ್ಲ.”

ಪದವಿ ಮುಗಿಸಿ ತಂಡದ ಕಚೇರಿಯಲ್ಲೇ ಕೆಲಸಕ್ಕೆ ಸೇರಿದೆ. ಅಷ್ಟರಲ್ಲಿ ಅವರು ಒಂದು ನಿಯಮ ಮಾಡಿದ್ದರು: ಆಟ ಆಡಿಸಬಹುದೋ ಬಾರದೋ ಎಂಬುದರಲ್ಲಿ ಮೈದಾನ ನೋಡಿಕೊಳ್ಳುವವರ ಮಾತೇ ಕೊನೆಯದು, ಅಧ್ಯಕ್ಷರೂ ಅದನ್ನು ಮೀರುವಂತಿಲ್ಲ. ಹಾಗೆ ಎರಡು ಸಲ ಪಂದ್ಯ ನಿಂತಾಗ ಬಾಗಿಲಲ್ಲಿ ನಿಂತು ಜನರ ಬೈಗುಳವನ್ನೆಲ್ಲ ತಾವೇ ತಿಂದರು. ಹುಲ್ಲಜ್ಜನ ಕಡೆ ಬೆರಳು ತೋರಿಸಲಿಲ್ಲ. ಆದರೆ ಕಚೇರಿಯಲ್ಲಿ ಹನ್ನೊಂದು ವರ್ಷ ಒಂದೇ ಗೋಡೆಯ ಆಚೆ ಈಚೆ ಕೂತ ಯಜಮಾನರೂ ನಾನೂ ಆ ಉದ್ಘಾಟನೆಯ ದಿನದ ಮಾತೆತ್ತಲಿಲ್ಲ. ತವರಿನ ಪಂದ್ಯಗಳಿಗೆ ಅವರು ಒಳಗೆ ಹೋಗಿ ಕೂತದ್ದನ್ನೂ ನಾನು ಕಂಡಿಲ್ಲ. ಹೊರಗಿನ ಪಡಸಾಲೆಯಲ್ಲಿ ನಿಂತು, ಜನರ ಕೂಗಿನಿಂದಲೇ ಗೋಲು ಯಾರದೆಂದು ತಿಳಿದುಕೊಳ್ಳುತ್ತಿದ್ದರು.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಬರೆಯುತ್ತೇನೆಂದು ತಿಳಿಸಲು ಅವರ ಕೋಣೆಗೆ ಹೋದೆ. “ಹೊಗಳೋಕೆ ಬೇಕಾದಷ್ಟು ಜನ ಇದ್ದಾರೆ. ನೀನು ಆ ದಿನದ್ದು ಬರಿಯಪ್ಪಾ. ನನ್ನ ಬಾಯಲ್ಲಿ ಬರಲಿಲ್ಲ” ಎಂದರು.

ಬರೆದಿದ್ದೇನೆ, ಯಜಮಾನರೇ. ಕೋಪ ವರ್ಷಗಟ್ಟಲೆ ಇತ್ತು. ಯಾವಾಗ ಹೋಯಿತೋ ತಿಳಿಯದು, ಹೋಗಿದೆ. ನೋವು ಹೋಗಿಲ್ಲ. ಅದು ನಿಮ್ಮಲ್ಲೂ ಇದೆಯೆಂದು ಗೊತ್ತಿದ್ದೂ, ನಾಲ್ಕು ಹೆಜ್ಜೆ ನಡೆದು ಬಂದು ಇಷ್ಟನ್ನು ಹೇಳದೆ ಹೋದದ್ದು ನನ್ನ ತಪ್ಪು. ನಿಮಗೆ ಆಯುಸ್ಸು, ಆರೋಗ್ಯ ತುಂಬಿ ಬರಲಿ. ತಂಡಕ್ಕೆ ನಿಮ್ಮ ಕಣ್ಣಿನ ಕಾವಲು ಇನ್ನೂ ಬಹುಕಾಲ ಇರಲಿ. ಮುಂದಿನ ಪಂದ್ಯಕ್ಕೆ ಅಕ್ಕಪಕ್ಕದ ಎರಡು ಕುರ್ಚಿ ಹೇಳಿಟ್ಟಿದ್ದೇನೆ. ಒಳಗೆ ಬನ್ನಿ. ಮಾತಾಡಲೇಬೇಕೆಂದೇನಿಲ್ಲ.